ಸಿಸ್ಟರಮ್ಮನ ಹೆಸರು

ಹೋದ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ನನ್ನ ವಾಟ್ಸಾಪ್‌ಗೆ 41 ಪುಟದ ಒಂದು ಪಿಡಿಎಫ್ ಬಂದು ಬಿತ್ತು. ಕಳಿಸಿದವಳು ನಮ್ಮ ದೊಡ್ಡಪ್ಪನ ಮೊಮ್ಮಗಳು. ಜೊತೆಗೆ ಒಂದೇ ಸಾಲು: "ಮಾವ, ನೀವು ಪುಸ್ತಕ ಎಲ್ಲಾ ಓದ್ತೀರಲ್ಲ, ಇದನ್ನೂ ಓದಿ ನಿಜ ಹೇಳಿ." ನಿಜ ಹೇಳಿ ಅಂದವರಿಗೆ ನಿಜ ಹೇಳೋದು ಎಷ್ಟು ಅಪಾಯ ಅಂತ ಹದಿನಾಲ್ಕು ವರ್ಷದಿಂದ ಕೋಡ್ ರಿವ್ಯೂ ಮಾಡಿಕೊಂಡು ಬಂದಿರೋ ನನಗೆ ಚೆನ್ನಾಗಿ ಗೊತ್ತು. ಆದ್ರೂ ಓದಿದೆ.

ಇವಳ ಅಮ್ಮ, ಅಂದ್ರೆ ನಮ್ಮ ಅಕ್ಕ, ಅರಕೆರೆಯಿಂದ ಮೈಸೂರಿಗೆ ದಿನಾ ಬಸ್ಸಲ್ಲಿ ಓಡಾಡಿ ನರ್ಸಿಂಗ್ ಓದಿದವಳು. ಮದುವೆಯಾದ ಮೇಲೆ ಇಂಗ್ಲೆಂಡಿಗೆ ಹೋದಳು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು ನರ್ಸಾಗಿ. ಮಗಳು ಅಲ್ಲೇ ಡಾಕ್ಟರಿಕೆ ಓದ್ತಿದ್ದಾಳೆ. ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಿಗೆ ಕೋರ್ಸಿನ ಕೊನೆಕೊನೆಗೆ ಕೆಲವು ವಾರ 'ಇಲೆಕ್ಟಿವ್' ಅಂತ ಇರುತ್ತೆ. ತಮಗೆ ಬೇಕಾದ ದೇಶಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಕಲಿತು, ರಜೆ ದಿನ ದೇಶ ಸುತ್ತಿ ಬರಬಹುದು. ಬಹಳ ಜನ ಆಫ್ರಿಕಾ ಆರಿಸಿಕೊಳ್ತಾರೆ. ಬಂದು ಅನುಭವ ಬರೀತಾರೆ. ನಮ್ಮಲ್ಲೂ ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರು ಇಂಟರ್ನ್‌ಶಿಪ್ ಹೊತ್ತಲ್ಲಿ ಹಳ್ಳಿ ಆಸ್ಪತ್ರೆಗೆ ಪೋಸ್ಟಿಂಗ್ ಬರ್ತಾರೆ. ಅವರು ಯಾರೂ ಹಳ್ಳಿ ಬಗ್ಗೆ 41 ಪುಟ ಬರೆದಿದ್ದು ನಾನಂತೂ ಕಾಣೆ. ಅರಕೆರೆಯಂಥ ಊರಲ್ಲಿ ಬರೆಯೋಕೆ ಏನಿದೆ ಅಂದ್ಕೊಂಡಿರ್ತಾರೆ. ಆದರೆ ಇನ್ನೂರು ವರ್ಷದ ಹಿಂದೆ ಒಬ್ಬ ಡಾಕ್ಟರು ನಮ್ಮ ಕಡೆ ಬಂದು ಮೂರು ಸಂಪುಟ ಬರೆದಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಹುಡುಗಿಯ ಬರಹ. ಆರು ವಾರ ಮಲಾವಿ ದೇಶದ ಒಂದು ಜಿಲ್ಲಾ ಆಸ್ಪತ್ರೆ. ಬರವಣಿಗೆ ಚೆನ್ನಾಗಿದೆ. ಮುಖ್ಯವಾಗಿ ಸುಳ್ಳಿಲ್ಲ. ಅಲ್ಲಿ ರೋಗಿ ಜೊತೆ ಮನೆಯವರೊಬ್ಬರು ಇರಲೇಬೇಕು, ಅವರೇ ಅಡುಗೆ ಮಾಡಿ ಉಣ್ಣಿಸಬೇಕು, ಬಟ್ಟೆ ಒಗೀಬೇಕು. ಅದಕ್ಕೇ ಆಸ್ಪತ್ರೆ ಪಕ್ಕ ಅವರಿಗೊಂದು ಶೆಡ್ಡು. ಇದನ್ನ ಅವಳು ಬಹಳ ಆಶ್ಚರ್ಯದಿಂದ ಬರೆದಿದ್ದಾಳೆ. ಮಂಡ್ಯ ಆಸ್ಪತ್ರೆ ಹೊರಗೆ ಚಾಪೆ ಹಾಸ್ಕೊಂಡು ಕೂತಿದ್ದ ನಮ್ಮಜ್ಜಿಯನ್ನ ನೋಡಿದ್ದರೆ ಅಷ್ಟು ಆಶ್ಚರ್ಯ ಆಗ್ತಿರಲಿಲ್ಲ. ಅಲ್ಲಿನ ಜನ ಅವಳನ್ನ 'ಮ್ವೆನ್ಯೆ' ಅಂತ ಕರೆದರಂತೆ, ಅಂದ್ರೆ ಇಂಡಿಯಾದವಳು. ಇಂಗ್ಲೆಂಡಲ್ಲಿ ಹುಟ್ಟಿ, ಇಂಗ್ಲೆಂಡಿನ ಪಾಸ್‌ಪೋರ್ಟ್ ಇಟ್ಕೊಂಡಿರೋ ಹುಡುಗಿಗೆ ತಾನು ಇಂಡಿಯಾದವಳು ಅಂತ ಗೊತ್ತಾಗೋಕೆ ಮಲಾವಿಗೆ ಹೋಗಬೇಕಾಯ್ತು. ಈ ಪ್ಯಾರಾ ನನಗೆ ತುಂಬ ಹಿಡಿಸ್ತು.

'ನ್ಸಿಮಾ' ಬಗ್ಗೆ ಬರೆದಿರೋದು ಇನ್ನೂ ಚೆನ್ನಾಗಿದೆ. ಮುಸುಕಿನ ಜೋಳದ ಹಿಟ್ಟನ್ನ ಕುದಿಯೋ ನೀರಿಗೆ ಹಾಕಿ, ದಪ್ಪ ಕೋಲಲ್ಲಿ ತಿರುವಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು, ಸೊಪ್ಪಿನ ಪಲ್ಯದ ಥರದ್ದರಲ್ಲಿ ಅದ್ದಿ ತಿನ್ನೋದು. ಜೊತೆಗಿದ್ದ ಬಿಳಿ ಹುಡುಗರು ಪೇಚಾಡುತ್ತಿದ್ದರೆ ಇವಳು ಸಲೀಸಾಗಿ ಉಂಡಳಂತೆ, ಯಾಕಂದ್ರೆ ಅಜ್ಜಿ ಊರಲ್ಲಿ ಮುದ್ದೆ ಉಂಡು ಗೊತ್ತು. ಇಲ್ಲಿ ನಾನು ಮಾರ್ಜಿನ್‌ನಲ್ಲಿ ಒಂದು ಟಿಪ್ಪಣಿ ಹಾಕಿದೆ: ನಮ್ಮ ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಯಾರೋ ತಂದು ಇಲ್ಲಿಗೆ ಮುಟ್ಟಿಸಿದ್ದಾರೆ. ಮಂಡ್ಯದವರು ನಮ್ಮದು ಅಂತ ಎದೆ ತಟ್ಟಿಕೊಳ್ಳೋ ಮುದ್ದೆಯ ಕಾಳು ಆಫ್ರಿಕಾದ್ದು. ಇನ್ನೊಂದು ಫೋಟೋದಲ್ಲಿ ಇಬ್ಬರು ಮುದುಕರು ಮರದ ಹಲಗೆಯ ಗುಣಿಗಳಲ್ಲಿ ಕಾಳು ಹಾಕ್ತಾ ಕೂತಿದ್ದಾರೆ. ಕೆಳಗೆ 'ಸ್ಥಳೀಯ ಆಟ' ಅಂತಷ್ಟೇ ಇದೆ. ಅದರ ಹೆಸರು ಬಾವೊ. ನಮ್ಮ ಅಳಗುಳಿಮಣೆಯ ನೆಂಟ. ನಮ್ಮದಕ್ಕೆ ಎರಡು ಸಾಲು ಗುಣಿ, ಅವರದಕ್ಕೆ ನಾಲ್ಕು. ಅಳಗುಳಿಮಣೆಯಲ್ಲಿ ಅಜ್ಜಿ ಹತ್ತಿರ ದಿನಾ ಸೋತು ಅಳ್ತಾ ಇದ್ದವನು ನಾನು, ಆ ಮುದುಕರ ಕೈ ನೋಡಿದ ಕೂಡಲೇ ಗೊತ್ತಾಯ್ತು.

ವೀಕೆಂಡ್ ಭಾಗ ಎಲ್ಲರೂ ಬರೆಯೋ ಹಾಗೇ ಇದೆ. ಮುಲಾಂಜೆ ಬೆಟ್ಟ, ಮಲಾವಿ ಸರೋವರ, ಕೇಪ್ ಮೆಕ್ಲಿಯರ್‌ನಲ್ಲಿ ಸೂರ್ಯಾಸ್ತ. ಸೂರ್ಯಾಸ್ತ ಕರಿಘಟ್ಟದಲ್ಲೂ ಆಗುತ್ತೆ, ಬಿಡಿ.

ನಾನು ನಿಂತಿದ್ದು 23ನೇ ಪುಟದಲ್ಲಿ. ರಾತ್ರಿ ಎರಡು ಗಂಟೆಗೆ ಒಂದು ಸಿಸೇರಿಯನ್. ಮಾಡಿದವರು ಡಾಕ್ಟರಲ್ಲ, ಕ್ಲಿನಿಕಲ್ ಆಫೀಸರ್. ಮಲಾವಿಯ ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಪಾಲು ಸಿಸೇರಿಯನ್ ಮಾಡೋದು ಇವರೇ. ಎಂಬಿಬಿಎಸ್ ಅಲ್ಲ, ಮೂರು ವರ್ಷದ ಕಲಿಕೆ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಉಳಿದದ್ದೆಲ್ಲ ಕೈ ಪಳಗಿದ್ದು. ಮಗು ಹೊರಗೆ ಬಂತು, ಅಳಲಿಲ್ಲ. ಒಬ್ಬ ನರ್ಸ್ ಅದನ್ನ ಇಸ್ಕೊಂಡು, ಬೆನ್ನು ಉಜ್ಜಿ, ಮುಖಕ್ಕೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಉಸಿರು ಕೊಟ್ಟಳು. ಒಂದೆರಡು ನಿಮಿಷ ಆದ ಮೇಲೆ ಬ್ಯಾಗನ್ನ ಇವಳ ಕೈಗೆ ಕೊಟ್ಟು, ಎಷ್ಟು ಒತ್ತಬೇಕು ಅಂತ ಇವಳ ಬೆರಳ ಮೇಲೆ ತನ್ನ ಬೆರಳಿಟ್ಟು ತೋರಿಸಿದಳು. ಮಗು ಅತ್ತಿತು. ಆಮೇಲೆ ಒಂದೂವರೆ ಪುಟ ಹುಡುಗಿ ತನಗೆ ಏನೇನು ಅನ್ನಿಸ್ತು ಅಂತ ಬರೆದಿದ್ದಾಳೆ. ಆ ನರ್ಸು ಮತ್ತೆ ಬರೋದೇ ಇಲ್ಲ.

ನಾನು ಎಂಜಿನಿಯರ್ ತಾನೇ, ಸರ್ಚ್ ಹೊಡೆದು ನೋಡಿದೆ. 41 ಪುಟದಲ್ಲಿ ಇಂಗ್ಲೆಂಡಿನ ಪ್ರೊಫೆಸರ್ ಹೆಸರು ನಾಲ್ಕು ಸಲ ಇದೆ. ಜೊತೆಗೆ ಬಂದ ಮೂವರು ವಿದ್ಯಾರ್ಥಿಗಳ ಹೆಸರಿದೆ. ಬೆಟ್ಟ ಹತ್ತಿಸಿದ ಗೈಡ್ ಹೆಸರಿದೆ. ಸೈಕಲ್ ಟ್ಯಾಕ್ಸಿ ಹುಡುಗನ ಹೆಸರಿದೆ. ಆ ಆಸ್ಪತ್ರೆಯಲ್ಲಿ ಇವಳಿಗೆ ಕೆಲಸ ಕಲಿಸಿದ ಒಬ್ಬರ ಹೆಸರೂ ಇಲ್ಲ.

ಇದನ್ನ ಹೇಗೆ ಹೇಳೋದು ಅಂತ ಯೋಚಿಸ್ತಿರುವಾಗ ಭಾನುವಾರ ಅಕ್ಕನೇ ಫೋನ್ ಮಾಡಿದಳು. ಅವಳಿಗೂ ಪಿಡಿಎಫ್ ಹೋಗಿತ್ತು.

"ಓದ್ದೇನ್ಲಾ?"

"ಓದ್ದೆ ಅಕ್ಕ. ಚೆನ್ನಾಗಿ ಬರ್ದವ್ಳೆ."

"ಹೂಂ. ಚೆನ್ನಾಗೇನೋ ಬರ್ದವ್ಳೆ. ಆ ನರ್ಸಮ್ಮನ ಹೆಸ್ರು ಯಾಕ್ಲಾ ಬರ್ದಿಲ್ಲ ಅವ್ಳು?"

ಅಕ್ಕ ಸಿಟ್ಟಲ್ಲಿ ಕೇಳಲಿಲ್ಲ. ಅಡುಗೆಗೆ ಉಪ್ಪು ಯಾಕೆ ಹಾಕಿಲ್ಲ ಅನ್ನೋ ಥರ ಕೇಳಿದಳು. ಆ ಮೇಲೆ ಊರಿನ ವಿಷಯ, ಗದ್ದೆ ನಾಟಿ ವಿಷಯ ಮಾತಾಡಿ ಇಟ್ಟಳು.

ಹುಡುಗಿಯದು ಒಬ್ಬಳದೇ ತಪ್ಪು ಅಂತ ನಾನು ಹೇಳೋಲ್ಲ. ಅವಳು ಬರೆದಿದ್ದು ಒಂದು ಹಳೇ ಅಚ್ಚಿನಲ್ಲಿ. ಡಾಕ್ಟರು ದೂರ ದೇಶಕ್ಕೆ ಹೋಗ್ತಾನೆ, ಕೆಲಸ ಮಾಡ್ತಾನೆ, ಊರು ಸುತ್ತುತ್ತಾನೆ, ಬಂದು ಬರೀತಾನೆ. ಈ ಅಚ್ಚು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಸಿಗೋ ದೊಡ್ಡ ಪುಸ್ತಕಗಳಲ್ಲೊಂದು ಮಂಗೋ ಪಾರ್ಕ್‌ನದು. ಹೆಸರು ಕೇಳಿ ಹಣ್ಣು ಅಂದ್ಕೋಬೇಡಿ. ಸ್ಕಾಟ್ಲೆಂಡಿನವನು, ಎಡಿನ್‌ಬರೋದಲ್ಲಿ ವೈದ್ಯ ಕಲಿತವನು. 1795ರಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಲ್ಲಿ ನೈಜರ್ ನದಿ ಹುಡುಕೋಕೆ ಪಶ್ಚಿಮ ಆಫ್ರಿಕಾಕ್ಕೆ ಹೋದ. ಅವನ ಪುಸ್ತಕ ಲಂಡನ್ನಿನಲ್ಲಿ ಬಂದದ್ದು 1799ರಲ್ಲಿ. ಅದೇ 1799ರ ಮೇ 4ರಂದು ನಮ್ಮ ಪಟ್ಣದ ಕೋಟೆ ಬಿತ್ತು. ಈ ಇಸವಿಯನ್ನ ನೆನಪಿಟ್ಕೊಳ್ಳಿ.

ಪಾರ್ಕ್‌ನ ಪುಸ್ತಕ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಒಳ್ಳೇದು. ಕಾರಣ ಸರಳ. ಅವನಿಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಹೋದ ಹೊಸದರಲ್ಲೇ ಜ್ವರ ಬಂದು ಮಲಗಿದ. ದಾರಿಯಲ್ಲಿ ಸೆರೆ ಸಿಕ್ಕಿದ, ದೋಚಿಸಿಕೊಂಡ, ಉಪವಾಸ ಬಿದ್ದ. ಅವನ ಜೊತೆ ಹೊರಟ ಇಬ್ಬರ ಹೆಸರು ಪುಸ್ತಕದಲ್ಲಿದೆ. ಒಬ್ಬ ಜಾನ್ಸನ್, ಗುಲಾಮನಾಗಿ ಜಮೈಕಾಕ್ಕೆ ಹೋಗಿ ಬಿಡುಗಡೆಯಾಗಿ ಬಂದಿದ್ದ ದುಭಾಷಿ. ಇನ್ನೊಬ್ಬ ದೆಂಬಾ ಅನ್ನೋ ಹುಡುಗ. ದೆಂಬಾನನ್ನ ದಾರಿಯಲ್ಲಿ ಹಿಡಿದು ಮತ್ತೆ ಗುಲಾಮ ಮಾಡಿಕೊಂಡರು. 1796ರ ಜುಲೈನಲ್ಲಿ ಸೆಗು ಪಟ್ಟಣದ ಹತ್ತಿರ ನದಿ ಕಣ್ಣಿಗೆ ಬಿದ್ದ ದಿನವೇ ಅವನನ್ನ ಯಾರೂ ಮನೆಗೆ ಸೇರಿಸದೆ ಮರದ ಕೆಳಗೆ ಕೂತಿದ್ದಾಗ, ಹೊಲದಿಂದ ಬರ್ತಿದ್ದ ಒಬ್ಬ ಹೆಂಗಸು ಕರ್ಕೊಂಡು ಹೋಗಿ ಮೀನು ಸುಟ್ಟು ಕೊಟ್ಟು, ಚಾಪೆ ಹಾಸಿದಳು. ಮನೆಯ ಹೆಂಗಸರು ಹತ್ತಿ ನೂಲ್ತಾ ಅವನ ಮೇಲೇ ಒಂದು ಹಾಡು ಕಟ್ಟಿ ಹಾಡಿದರು. ಪಾಪ, ಈ ಬಿಳಿಯನಿಗೆ ಅವ್ವ ಇಲ್ಲ, ಹೆಂಡತಿ ಇಲ್ಲ ಅನ್ನೋ ಅರ್ಥದ್ದು. ಊರವರು ತನ್ನನ್ನ ನೋಡಿ ಅಯ್ಯೋ ಅಂದದ್ದನ್ನ ಸಂಕೋಚ ಇಲ್ಲದೆ ಬರೆದುಕೊಂಡಿದ್ದಾನಲ್ಲ, ಅದು ಆ ಜಾತಿಯ ಪುಸ್ತಕಗಳಲ್ಲಿ ಅಪರೂಪ. ಆದರೆ ಆ ಹೆಂಗಸಿನ ಹೆಸರು? ಇಲ್ಲ.

ಡಾಕ್ಟರಾಗಿ ಅವನು ಮಾಡಿದ ಕೆಲಸ ನೋಡಿ ನಾನು ಜೋರಾಗಿ ನಕ್ಕಿದ್ದೀನಿ. ಒಂದೂರಲ್ಲಿ ಮನೆಯವನು ತಾಯತ ಬರೆದುಕೊಡು ಅಂತ ಹಲಗೆ ಕೊಟ್ಟ. ಎಡಿನ್‌ಬರೋ ವೈದ್ಯ ಹಲಗೆಯ ಎರಡೂ ಕಡೆ ತುಂಬಾ ಬರೆದ. ಮನೆಯವನು ಆ ಮಸಿಯನ್ನ ನೀರಲ್ಲಿ ತೊಳೆದು, ಒಂದು ತೊಟ್ಟೂ ಬಿಡದೆ ಕುಡಿದ. ಇವನಿಗೆ ಊಟ ಸಿಕ್ಕಿತು. ಮಾತ್ರೆ ಮೇಲಿನ ನಂಬಿಕೆಗೂ ಮಂತ್ರದ ಮೇಲಿನ ನಂಬಿಕೆಗೂ ನಡುವೆ ನಿಂತು ಅನ್ನ ಸಂಪಾದಿಸಿದ ಮೊದಲ ಡಾಕ್ಟರೂ ಅಲ್ಲ, ಕೊನೆಯವನೂ ಅಲ್ಲ.

ನಗು ಅಲ್ಲಿಗೆ ನಿಲ್ಲುತ್ತೆ. ವಾಪಸ್ ಬರುವಾಗ ಕಾಯಿಲೆ ಬಿದ್ದ ಅವನನ್ನ ಏಳು ತಿಂಗಳು ಮನೆಯಲ್ಲಿಟ್ಟು ಸಾಕಿದವನು ಕಾರ್ಫಾ ತೌರಾ. ಇವನ ಹೆಸರಿದೆ. ಕಾರ್ಫಾ ಗುಲಾಮರ ವ್ಯಾಪಾರಿ. ಪಾರ್ಕ್ ಕರಾವಳಿ ಮುಟ್ಟಿದ್ದು ಕಾರ್ಫಾನ ಗುಲಾಮರ ಸಾಲಿನ ಜೊತೆ ನಡೆದೇ. ಅಲ್ಲಿಂದ ಹೊರಟಿದ್ದು ಒಂದು ಅಮೆರಿಕನ್ ಗುಲಾಮರ ಹಡಗಲ್ಲಿ, ಆ ಹಡಗಿನ ಡಾಕ್ಟರಾಗಿ. ದಾರಿಯಲ್ಲಿ ತನ್ನನ್ನ ನೋಡಿದ್ದ, ತನ್ನ ಬಗ್ಗೆ ಕೇಳಿದ್ದ ಜನರಲ್ಲಿ ಕೆಲವರು ಅದೇ ಹಡಗಿನ ತಳದಲ್ಲಿ ಸರಪಳಿಯಲ್ಲಿದ್ದರು. ಇದನ್ನೂ ಅವನೇ ಬರೆದಿದ್ದಾನೆ. ಬರೆದು ಮುಂದಿನ ಪ್ಯಾರಾಕ್ಕೆ ಹೋಗ್ತಾನೆ. ಪುಸ್ತಕದ ಶಕ್ತಿಯೂ ಕೊರತೆಯೂ ಎರಡೂ ಆ ಒಂದು ಜಾಗದಲ್ಲಿವೆ. ಕಂಡದ್ದನ್ನ ಮುಚ್ಚಿಡೋಲ್ಲ. ಕಂಡದ್ದರಲ್ಲಿ ತಾನೂ ಇದ್ದೀನಿ ಅಂತ ನಿಲ್ಲೋದೂ ಇಲ್ಲ.

ಈಗ ನಮ್ಮೂರ ಕಡೆ ಬಂದ ಡಾಕ್ಟರು. ಫ್ರಾನ್ಸಿಸ್ ಬುಕಾನನ್. ಇವನೂ ಸ್ಕಾಟ್ಲೆಂಡಿನವನೇ, ಎಡಿನ್‌ಬರೋದಲ್ಲೇ ಎಂಡಿ ಮಾಡಿದವನು, ಹಡಗಿನ ಡಾಕ್ಟರಾಗಿದ್ದವನು, ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಪಟ್ಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನ ಮದ್ರಾಸಿನಿಂದ ಹೊರಡಿಸಿದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೀತಾರೆ, ಏನು ನೇಯ್ತಾರೆ, ಏನು ಮಾರ್ತಾರೆ ಎಲ್ಲಾ ಬರ್ಕೊಂಡು ಬಾ ಅಂತ. ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿ ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಪಟ್ಣ, ಮೇಲುಕೋಟೆ, ನಾಗಮಂಗಲ ಎಲ್ಲಾ ಅದರಲ್ಲಿದೆ.

ಮೊದಲ ಸಲ ಓದಿದಾಗ ನನಗಾದ ಖುಷಿ ಸುಳ್ಳಲ್ಲ. ನಮ್ಮ ನೇಗಿಲು, ಕೂರಿಗೆ ಚಿತ್ರ ಸಮೇತ ಇದೆ. ರಸದಾಳಿ, ಪಟ್ಟಾಪಟ್ಟಿ ಅನ್ನೋ ಕಬ್ಬಿನ ತಳಿಗಳಿವೆ. ಖಂಡುಗ, ಸೇರು, ಕಂಠೀರಾಯಿ ಹಣ, ರಾಗಿ ಹೊಲಕ್ಕೆ ಎಷ್ಟು ಸಲ ಉಳುಮೆ ಎಲ್ಲಾ ಇದೆ. ಇಷ್ಟು ವಿವರವಾಗಿ ನಮ್ಮ ತಾತಂದಿರ ಬೇಸಾಯವನ್ನ ಆ ಕಾಲದಲ್ಲಿ ಇನ್ಯಾರೂ ಬರೆದಿಟ್ಟದ್ದು ನನಗೆ ಗೊತ್ತಿಲ್ಲ. ಅದಕ್ಕೆ ಅವನಿಗೆ ಋಣಿ.

ಆಮೇಲೆ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ಪಟ್ಣದ ಜನಸಂಖ್ಯೆ 31,895. ಅಬ್ಬಾ, ಎಷ್ಟು ನಿಖರವಾಗಿ ಎಣಿಸಿದ್ದಾನೆ ಅನ್ಸುತ್ತೆ ತಾನೇ? ಲೆಕ್ಕ ಬಿಡಿಸಿ ನೋಡಿ. ಕೋಟೆಯೊಳಗೆ 4,163 ಮನೆ. ಹೊರಗೆ ಗಂಜಾಂ ಪೇಟೆಯಲ್ಲಿ 2,216 ಮನೆ. ಒಟ್ಟು 6,379. ಮನೆಗೆ ಐದು ಜನ ಅಂತ ಗುಣಿಸಿದ. ಬಂತು 31,895. ನಮ್ಮ ಆಫೀಸಿನಲ್ಲಿ ಒಂದು ಟಿಕೆಟ್‌ಗೆ ಐದು ಪಾಯಿಂಟ್ ಅಂತ ಹಾಕಿ ಮ್ಯಾನೇಜರಿಗೆ ದಶಮಾಂಶ ಸಮೇತ ಎಸ್ಟಿಮೇಟ್ ಕೊಡ್ತೀವಲ್ಲ, ಅದೇ ವಿದ್ಯೆ. ಟಿಪ್ಪು ಕಾಲದಲ್ಲಿ ಅಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅನ್ನೋ ಮಾತನ್ನೂ ಬರೆದಿದ್ದಾನೆ. ಒಂದೂವರೆ ಲಕ್ಷಕ್ಕೂ ಮೂವತ್ತೆರಡು ಸಾವಿರಕ್ಕೂ ನಡುವೆ ಇರೋ ಜನ ಎಲ್ಲಿ ಹೋದರು? ಓಡಿಹೋದವರು, ಸತ್ತವರು, ಕೆಲಸ ಕಳ್ಕೊಂಡು ಊರು ಬಿಟ್ಟ ಸಿಪಾಯಿ, ಕಮ್ಮಾರ, ನೇಕಾರ. ಇಷ್ಟು ಜನ ಗುಣಾಕಾರದಲ್ಲಿ ಸಿಗೋಲ್ಲ. ಐದು ಅನ್ನೋ ಆ ಅಂಕಿಯೊಳಗೆ ನಮ್ಮವರು ಯಾರೋ ಕೂತಿದ್ದಾರೆ ಅನ್ನಿಸಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು.

ನಾನು ಓದಿದ ಪುಟಗಳಲ್ಲಿ ದಿವಾನ್ ಪೂರ್ಣಯ್ಯನವರ ಹೆಸರಿದೆ, ದೇವರ ಹೆಸರಿದೆ, ಜಾತಿಗಳ ಹೆಸರು ಬೇಕಾದಷ್ಟಿವೆ. ಹೊಲದ ಬದುವಿನ ಮೇಲೆ ನಿಂತು ಇವನಿಗೆ ಕೂರಿಗೆ ಹೇಗೆ ಹಿಡೀಬೇಕು ಅಂತ ವಿವರಿಸಿದ ರೈತನ ಹೆಸರು ಸಿಗಲಿಲ್ಲ. ಪಾರ್ಕ್‌ಗೂ ಬುಕಾನನ್‌ಗೂ ಇರೋ ವ್ಯತ್ಯಾಸ ನನಗೆ ಕಂಡದ್ದು ಇಲ್ಲೇ. ಪಾರ್ಕ್ ತಾನೇ ರೋಗಿ, ತಾನೇ ಭಿಕ್ಷುಕ. ಹಾಗಾಗಿ ಅನ್ನ ಹಾಕಿದವರು ಅವನ ಪುಟದಲ್ಲಿ ಮನುಷ್ಯರಾಗಿ ಬರ್ತಾರೆ. ಬುಕಾನನ್ ಗೆದ್ದ ಸೈನ್ಯದ ಬೆನ್ನಿಗೆ ಬಂದವನು. ಅವನು ಕೇಳಿದರೆ ಉತ್ತರ ಕೊಡಲೇಬೇಕು. ಕೊಟ್ಟ ಉತ್ತರ ಒಂದಕ್ಕೊಂದು ತಾಳೆಯಾಗದಿದ್ದರೆ ಜನರ ಮೇಲೇ ಗೊಣಗ್ತಾನೆ. ಕಂದಾಯ ಹಾಕೋ ಸರ್ಕಾರದ ಮನುಷ್ಯನಿಗೆ ನಮ್ಮ ರೈತರು ನಿಜವಾದ ಇಳುವರಿ ಹೇಳ್ತಾರಾ? ನಮ್ಮಪ್ಪ ಇವತ್ತಿಗೂ ಹೇಳೋಲ್ಲ.

ಇಷ್ಟೇ ಆಗಿದ್ದರೆ ಹೆಸರು ಬರೆಯೋದು ಬರೀ ಮರ್ಯಾದೆಯ ಪ್ರಶ್ನೆ ಅಂದ್ಕೊಂಡು ಬಿಡ್ತಿದ್ದೆ. ಹೆಸರು ಹೋದರೆ ಜೊತೆಗೆ ಏನು ಹೋಗುತ್ತೆ ಅಂತ ಅರ್ಥವಾದದ್ದು ಒಂದು ಮೂಗಿನ ಕಥೆಯಿಂದ. 1791ರ ಮೇ 15ರಂದು ಕಾರ್ನ್‌ವಾಲಿಸ್ ಸೈನ್ಯಕ್ಕೂ ಟಿಪ್ಪು ಸೈನ್ಯಕ್ಕೂ ಕಾದಾಟ ಆದದ್ದು ನಮ್ಮೂರ ಆಸುಪಾಸಲ್ಲಿ. ಇತಿಹಾಸದ ಪುಸ್ತಕದಲ್ಲಿ ಅರಕೆರೆ ಹೆಸರು ಬರೋದು ಅದೊಂದೇ ಕಾರಣಕ್ಕೆ. ಅದೇ ಯುದ್ಧದ ಮುಂದಿನ ಹಂತದಲ್ಲಿ, 1792ರಲ್ಲಿ, ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯೋ ಕೆಲಸದ ಕೌಸಾಜಿ ಅನ್ನೋ ಮರಾಠ ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕಿದ. ಮೂಗು, ಒಂದು ಕೈ ಕತ್ತರಿಸಿ ಕಳಿಸಿದರು ಅಂತ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರ್ ಸಂಚಿಕೆಯ ವರದಿ. ಒಂದು ವರ್ಷ ಮೂಗಿಲ್ಲದೆ ಇದ್ದವನಿಗೆ ಪುಣೆ ಹತ್ತಿರ ಇಟ್ಟಿಗೆ ಮಾಡೋ ಜಾತಿಯ ಒಬ್ಬ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ತುಂಡನ್ನ ಮೂಗಿನ ಆಕಾರಕ್ಕೆ ಕೂರಿಸಿ, ಅದನ್ನ ಹಣೆ ಮೇಲೆ ಹರವಿ ಗೆರೆ ಹಾಕಿ, ಅಷ್ಟು ಚರ್ಮ ಎಬ್ಬಿಸಿ, ಎರಡು ಕಣ್ಣಿನ ನಡುವೆ ಒಂದು ಎಳೆ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸಿ, ಕಾಚು ನೆನೆಸಿದ ಬಟ್ಟೆ ಹಾಕಿದ. ಆ ಎಳೆಯನ್ನ ಕತ್ತರಿಸಿದ್ದು ಇಪ್ಪತ್ತೈದನೇ ದಿನದ ಹೊತ್ತಿಗೆ. ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ವಿದ್ಯೆಯನ್ನ ಪಕ್ಕದಲ್ಲಿ ನಿಂತು ನೋಡಿದ್ದಾರೆ. ವರದಿ ಓದಿದ ಜೋಸೆಫ್ ಕಾರ್ಪ್ಯೂ ಅನ್ನೋ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ವಿಧಾನದಲ್ಲಿ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಪ್ರಕಟಿಸಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯೋರೆಲ್ಲ ಇಲ್ಲಿ ಒಂದು ಸಲ ನಿಲ್ತಾರೆ.

ಪತ್ರಿಕೆಯಲ್ಲಿ ರೋಗಿಯ ಹೆಸರಿದೆ, ಚಿತ್ರವೂ ಇದೆ. ನೋಡಿದ ಡಾಕ್ಟರ ಹೆಸರಿದೆ. ಮೂಗು ಕಟ್ಟಿದವನ ಹೆಸರಿಲ್ಲ. ಆ ಪುಣೆಯ ಮನುಷ್ಯನಿಗೆ ಒಬ್ಬ ಮಗ ಇದ್ದನೋ, ಕಲಿಸಿದ ಗುರು ಯಾರೋ, ಎಷ್ಟು ಜನಕ್ಕೆ ಮೂಗು ಕಟ್ಟಿದ್ದನೋ ಹುಡುಕಿಕೊಂಡು ಹೋಗೋಕೆ ದಾರಿಯೇ ಇಲ್ಲ. ದಾಖಲೆಯಲ್ಲಿ ಕೊಂಡಿ ಅಲ್ಲಿಗೆ ಕಡಿದುಹೋಯ್ತು. ಕೋಡ್ ಕಾಪಿ ಮಾಡಿದವನ ಹೆಸರಲ್ಲಿ ಕಮಿಟ್ ಆಗಿದೆ ಅಂತ ಹೇಳಿದರೆ ನನ್ನ ಓದುಗರಿಗೆ ಬೇಗ ಅರ್ಥವಾಗಬಹುದು.

ನಾನೇನು ಸಾಚಾ ಅಲ್ಲ. ಪಿಯುಸಿಯಲ್ಲಿದ್ದಾಗ ತೇಜಸ್ವಿಯವರ 'ಮಹಾನದಿ ನೈಲ್' ಸಿಕ್ಕಿ, ನಾಲೆ ಏರಿ ಮೇಲೆ ಕೂತು ಒಂದೇ ಉಸಿರಿಗೆ ಓದಿದ್ದೆ. ನನ್ನ ವಾರಿಗೆಯ ಎಷ್ಟೋ ಕನ್ನಡದ ಹುಡುಗರಿಗೆ ಆಫ್ರಿಕಾ ಪರಿಚಯ ಆದದ್ದೇ ಅಲ್ಲಿ. ನೈಲ್ ಮೂಲ ಹುಡುಕಿದ ಸಾಹಸಿಗಳ ಕಥೆ. ಅವತ್ತು ನಾನು ಸ್ಪೀಕ್ ಆಗಿದ್ದೆ, ಬರ್ಟನ್ ಆಗಿದ್ದೆ. ಗಂಟುಮೂಟೆ ಹೊತ್ತವರಲ್ಲಿ ಒಬ್ಬ ಆಗಬೇಕು ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ನಮ್ಮಪ್ಪ ಅದೇ ಹೊತ್ತಲ್ಲಿ ಕಬ್ಬಿನ ಹೊರೆ ಹೊರ್ತಿದ್ದರು. ಪುಸ್ತಕದ ತಪ್ಪಲ್ಲ, ಓದಿದ ನನ್ನದು. ಸ್ಪೀಕ್‌ಗೂ ಬರ್ಟನ್‌ಗೂ ದಾರಿ ತೋರಿಸಿದ ಸಿದಿ ಮುಬಾರಕ್ ಅನ್ನೋ ಆಫ್ರಿಕನ್, ಗುಲಾಮನಾಗಿ ನಮ್ಮ ದೇಶಕ್ಕೆ ಬಂದು ಇದ್ದು ಹೋದವನು, 'ಬಾಂಬೆ' ಅಂತಲೇ ಅಡ್ಡಹೆಸರು, ಸಾಹೇಬರ ಜೊತೆ ಮಾತಾಡ್ತಿದ್ದದ್ದು ಹಿಂದೂಸ್ತಾನಿಯಲ್ಲಿ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಡಾಕ್ಟರ್ ಲಿವಿಂಗ್‌ಸ್ಟನ್ 1873ರಲ್ಲಿ ಸತ್ತಾಗ ಹೆಣವನ್ನ ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ಮುಟ್ಟಿಸಿದವರಲ್ಲಿ ಜೇಕಬ್ ವೇನ್‌ರೈಟ್ ಇದ್ದ. ಅವನು ಶಾಲೆ ಕಲಿತದ್ದು ನಮ್ಮ ನಾಸಿಕ್‌ನಲ್ಲಿ.

2017ರಲ್ಲಿ ನಾನೇ ಮೂರು ತಿಂಗಳು ಜೋಹಾನ್ಸ್‌ಬರ್ಗ್‌ಗೆ ಆನ್‌ಸೈಟ್ ಹೋಗಿದ್ದೆ. ವಾರವೆಲ್ಲ ಕೆಲಸ, ವಾರದ ಕೊನೆಗೆ ಸುತ್ತಾಟ. ಬಂದು ದೊಡ್ಡ ಬರಹ ಬರೆದು ಗೆಳೆಯರಿಗೆ ಕಳಿಸಿದ್ದೆ. ಹುಡುಗಿಯ ಪಿಡಿಎಫ್ ಓದಿದ ರಾತ್ರಿ ಅದನ್ನ ತೆಗೆದು ನೋಡಿದೆ. ಕ್ರೂಗರ್ ಕಾಡಿನ ಸಿಂಹಕ್ಕೆ ಮೂರು ಪ್ಯಾರಾ. ದಿನಾ ಬೆಳಿಗ್ಗೆ ಆಫೀಸಿಗೆ ಬಿಟ್ಟು, ಸಂಜೆ ಯಾವ ಬೀದಿಗೆ ಹೋಗಬಾರದು ಅಂತ ಹೇಳಿ, ಒಂದು ಸಲ ನನಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟ ಡ್ರೈವರಿಗೆ ಅರ್ಧ ಸಾಲು. 'ನಮ್ಮ ಕರಿಯ ಡ್ರೈವರ್' ಅಂತ. ನಾನೇ ಬರೆದದ್ದು. 2016ರ ಶುರುವಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬನ ಕಾರು ಗುದ್ದಿ ಹೆಂಗಸು ಸತ್ತಾಗ, ಅವನಿಗೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಬಿದ್ದು ಹೊಡೆದಿತ್ತು. ಅದನ್ನ ಖಂಡಿಸಿ ಪೋಸ್ಟ್ ಹಾಕಿದವನೂ ನಾನೇ. ಆ ಗುಂಪಿಗೆ ಆಫ್ರಿಕಾದವರೆಲ್ಲ ಒಬ್ಬರೇ. ಒಂದು ವರ್ಷ ಕಳೆದ ಮೇಲೆ ನನಗೆ ಡ್ರೈವರಿಗೆ ಹೆಸರು ಬೇಕಾಗಲಿಲ್ಲ.

ಹುಡುಗಿಗೆ ಇದನ್ನೆಲ್ಲ ಬರೆದು ಕಳಿಸಿದೆ, ಸ್ವಲ್ಪ ಮೆತ್ತಗೆ. ಅವಳು ಸುಮ್ಮನಿರಲಿಲ್ಲ. "ಮಾವ, ನಮಗೆ ಕಾಲೇಜಲ್ಲೇ ಹೇಳಿದ್ದಾರೆ, ರೋಗಿಗಳನ್ನ ಗುರುತಿಸೋ ಹಾಗೆ ಬರೀಬಾರದು. ಅವರ ಗೌಪ್ಯತೆ ಮುಖ್ಯ. ನಿಮಗೆ ಹೆಸರು ಬೇಕು, ನನಗೆ ಅವರಿಗೆ ತೊಂದರೆ ಆಗಬಾರದು." ಒಳ್ಳೇ ಮಾತು. ಪಾರ್ಕ್‌ನ ಕಾಲದಲ್ಲಿ ಇಲ್ಲದ ಸೂಕ್ಷ್ಮ ಇದು, ಅವಳಲ್ಲಿ ಇರೋದು ನನಗೆ ಹೆಮ್ಮೆ. ಆ ತಾಯಿಯ ಹೆಸರು, ಮಗುವಿನ ಫೋಟೋ ಹಾಕಿದ್ದರೆ ಬೈದಿರ್ತಿದ್ದೆ. ಆದರೆ ಕಲಿಸಿದವರು ರೋಗಿಗಳಲ್ಲ. ಇಂಗ್ಲೆಂಡಿನ ಪ್ರೊಫೆಸರ್ ಹೆಸರು ನಾಲ್ಕು ಸಲ ಬರೆಯುವಾಗ ಗೌಪ್ಯತೆ ಅಡ್ಡ ಬರಲಿಲ್ಲ. ಕ್ಲಿನಿಕಲ್ ಆಫೀಸರ್ ಹೆಸರಿಗೆ ಬಂತು, ನರ್ಸ್ ಹೆಸರಿಗೆ ಬಂತು. ಅವರನ್ನ ಕೇಳಿ, ಒಪ್ಪಿದರೆ ಹಾಕೋದು, ಬೇಡ ಅಂದ್ರೆ ಬೇಡ ಅಂದ್ರು ಅಂತ ಬರೆಯೋದು. ಇಷ್ಟು ಹೇಳಿದೆ. ಜೊತೆಗೆ ನಿಮ್ಮಮ್ಮನೂ ಕೇಳಿದಳು ಅಂತ ಸೇರಿಸಿದೆ.

ಎರಡು ದಿನ ಉತ್ತರ ಇಲ್ಲ. ಆಮೇಲೆ ಬಂತು: "ಮಾವ, ನನಗೆ ಅವರ ಹೆಸರು ಗೊತ್ತಿಲ್ಲ. ಆರು ವಾರ ಸಿಸ್ಟರ್ ಅಂತಲೇ ಕರೆದೆ. ಅವರು ನನ್ನನ್ನ ಹೆಸರು ಹಿಡಿದೇ ಕರೀತಿದ್ರು."

ಇದೇ ಪುಸ್ತಕದ ಮೊದಲ ಸಾಲು ಆಗಬೇಕು ಅಂತ ಬರೆದೆ. ಹೊಸ ಪ್ರತಿ ಬಂದಿದೆ, 44 ಪುಟ. ಮೊದಲ ಸಾಲು ಅದಲ್ಲ. ಸೂರ್ಯಾಸ್ತವೇ ಇದೆ, ಹಠಮಾರಿ. ಆದರೆ 23ನೇ ಪುಟದಲ್ಲಿ ಒಂದೂವರೆ ಪುಟದ ಭಾವನೆ ಅರ್ಧ ಪುಟಕ್ಕೆ ಇಳಿದಿದೆ. ಆ ಜಾಗದಲ್ಲಿ ನರ್ಸಿನ ಕೈ ಬೆರಳು, ಬ್ಯಾಗ್ ಒತ್ತುವ ಲಯ, ಅವರು ಲೆಕ್ಕ ಹಾಕಿಕೊಳ್ತಿದ್ದ ರೀತಿ ಬಂದಿದೆ. ಬರಹವಾಗಿಯೂ ಅದು ಇಡೀ ಪಿಡಿಎಫ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯ ಪುಟ. ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ಆಸ್ಪತ್ರೆಗೆ ಮೇಲ್ ಹಾಕಿದ್ದಾಳಂತೆ.

ಇಷ್ಟೆಲ್ಲ ಉಪದೇಶ ಮಾಡಿದ ಮೇಲೆ ನನಗೇ ಒಂದು ಅನುಮಾನ ಬಂತು. ನಾನು ಹುಟ್ಟಿದ್ದು ಊರಲ್ಲೇ. ಡಾಕ್ಟರು ಇರಲಿಲ್ಲ, ಸರ್ಕಾರಿ ನರ್ಸಮ್ಮ ಬಂದು ಹೆರಿಗೆ ಮಾಡಿಸಿದರು ಅಂತ ನೂರು ಸಲ ಕೇಳಿದ್ದೀನಿ. ಅವ್ವನಿಗೆ ಫೋನ್ ಮಾಡಿದೆ.

"ಅವರ ಹೆಸರೇನವ್ವ?"

"ಅಯ್ಯೋ, ಹೆಸ್ರು ಯಾರ್ ಕೇಳವ್ರೆ ಕಲಾ. ಸಿಸ್ಟರಮ್ಮ ಅಂತಿದ್ದೋ. ಕೇರಳದ ಕಡೇರು. ರಾತ್ರಿಯೆಲ್ಲ ಕೂತಿದ್ರು ಪಾಪ. ಬೆಳಗಾನ ಒಂದ್ ಸೇರು ಹುರುಳಿಕಾಳು ಕೊಡಕ್ ಹೋದ್ರೆ ಬ್ಯಾಡ ಅಂದ್ಬುಟ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ದೊಡ್ಡವ್ವಂಗ್ ಗೊತ್ತಿರ್ಬೋದು, ಕೇಳ್ ಹೇಳ್ತೀನಿ" ಅಂದಳು.

ದೊಡ್ಡವ್ವನಿಗೆ ಈಗ ಕಿವಿ ಸರಿಯಾಗಿ ಕೇಳೋಲ್ಲ. ಶನಿವಾರ ಊರಿಗೆ ಹೋಗ್ತಿದ್ದೀನಿ, ಪಕ್ಕದಲ್ಲಿ ಕೂತು ಜೋರಾಗಿ ಕೇಳಬೇಕು.